ಒಂದು ಸಕ್ಕರೆ ಕಮ್ಮಿ

ರಾತ್ರಿ ಹನ್ನೊಂದೂಕಾಲಿಗೆ ಹೆರಿಗೆ ವಾರ್ಡಿನಿಂದ ಚೀಟಿ ಬಂತು:
ಚೆನ್ನಾಜಮ್ಮ, ಇಪ್ಪತ್ತಾರು, ತೂಬಿನಕೆರೆ,
ರಕ್ತ ನಿಲ್ಲುತ್ತಿಲ್ಲ, ಎರಡು ಚೀಲ, ಬೇಗ.

ಬಿಳಿ ಬಿಲ್ಲೆಯ ಮೇಲೆ ಹನಿ ಇಟ್ಟು ಅಲುಗಿಸಿದೆ.
ಎ ಸೀರಮ್ಮಿಗೆ ಗಂಟು ಕಟ್ಟಲಿಲ್ಲ, ಬಿ ಸೀರಮ್ಮಿಗೂ ಇಲ್ಲ.
ಓ ಅಂತ ಬರೆದೆ. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ
ಫ್ರಿಜ್ಜಿನ ಓ ರಕ್ತ ಒಂದನ್ನೂ ಅವಳ ಸೀರಮ್ ಒಪ್ಪಲಿಲ್ಲ.
ಒಂದು, ಎರಡು, ಏಳು ಚೀಲ:
ಎಲ್ಲವೂ ಒಡೆದ ಹಾಲು.

ನಮ್ಮ ಕೆಂಪು ಕಣಗಳ ಮೈತುಂಬ ಎಳೆಗಳಿರುತ್ತವೆ,
ಪ್ರೋಟೀನಿನ ಗೂಟಕ್ಕೆ, ಕೊಬ್ಬಿನ ಗೂಟಕ್ಕೆ
ಒಂದರ ಹಿಂದೊಂದು ಕಟ್ಟಿದ ಸಕ್ಕರೆ.
ತುದಿಯಲ್ಲಿ ಗ್ಯಾಲಕ್ಟೋಸ್ ಬಂದು ಕೂತರೆ ಬಿ,
ಅದೇ ಜಾಗದಲ್ಲಿ ಅದರ ದಾಯಾದಿ ಕೂತರೆ ಎ,
ಯಾರೂ ಕೂರದಿದ್ದರೆ ಓ.
ಓ ಎಂದರೂ ಸೊನ್ನೆಯಲ್ಲ.
ಪಕ್ಕಕ್ಕೆ ಒಂದು ಫ್ಯೂಕೋಸ್ ಇರುತ್ತದೆ,
ಮಿಕ್ಕವರು ಬರುವ ಮುಂಚೆ
ಬಂದು ಚಾಪೆ ಹಾಸಿರಬೇಕಾದದ್ದು.
ಚೆನ್ನಾಜಮ್ಮನಲ್ಲಿ ಅದಿಲ್ಲ.
ಅವಳವ್ವನನ್ನು ಸೋದರಮಾವನಿಗೇ ಕೊಟ್ಟಿದ್ದರು;
ಅತ್ತಲಿಂದೊಂದು ಇತ್ತಲಿಂದೊಂದು
ಒಂದೇ ತಪ್ಪಿನ ಎರಡು ನಕಲು.
ಇಂಥ ರಕ್ತಕ್ಕೆ ಬಾಂಬೆ ಅಂತ ಹೆಸರು,
ಬಸ್ಸಿನಲ್ಲಿ ಮೈಸೂರಿನಾಚೆ ಹೋಗದವಳ ರಕ್ತಕ್ಕೆ.

ಮೈಸೂರಿಗೆ ಫೋನು ಮಾಡಿದೆ, ಇಲ್ಲ.
ಬೆಂಗಳೂರಿನವರು ಪಟ್ಟಿ ನೋಡಿ ಹೇಳ್ತೀವಿ ಅಂದರು.
ಪಟ್ಟಿ.

ಕಾರಿಡಾರಿನಲ್ಲಿ ಅವಳ ಗಂಡ, ಕೈಯಲ್ಲಿ ಮಗುವಿನ ಟೋಪಿ.
ಒಡಹುಟ್ಟಿದವರು ಯಾರಿದ್ದಾರೆ ಅಂದೆ.
"ಒಬ್ಬ ಅವ್ನೆ. ಆಲೆಮನೇಲಿ.
ಪಾಕ ಇಳಿಸ್ದೆ ಬರಾಕಿಲ್ಲ ಅವ್ನು."

ಬಂದ. ಎರಡೂವರೆಗೆ, ಸಾಲ ತಂದ ಬೈಕಿನಲ್ಲಿ,
ಪಾಕ ಇನ್ನೊಬ್ಬನ ಕೈಗೆ ಬಿಟ್ಟು.
ಬೋರಲಿಂಗ. ಮೊಣಕೈವರೆಗೂ ಒಣಗಿದ ನೊರೆ,
ಅಂಗಿಯಲ್ಲಿ ಬೆಂದ ಕಬ್ಬಿನ ವಾಸನೆ.
ಅವನ ಹನಿಯನ್ನೂ ಅವಳ ಸೀರಮ್ಮನ್ನೂ ಬೆರೆಸಿ
ದೀಪದ ಕೆಳಗೆ ಹಿಡಿದೆ.
ನಯವಾಗಿ ಹರಿಯಿತು. ಎರಡನೇ ಸಲವೂ.

"ನಿಮ್ಮಿಬ್ಬರಿಗೂ ಒಂದು ಸಕ್ಕರೆ ಕಮ್ಮಿ ಕಣಯ್ಯ," ಅಂದೆ.
ಸೂಜಿ ಚುಚ್ಚಿಸಿಕೊಂಡೇ ನಕ್ಕ:
"ಉಟ್ದಾಗಿಂದ ಬೆಲ್ಲ ಕಾಯಿಸ್ತಾ ಇವ್ನಿ ಸಾ,
ನಂಗೆ ಸಕ್ರೆ ಕಮ್ಮಿ ಅಂತೀರಲ್ಲ!"

ಚೀಲ ತುಂಬುವ ತನಕ ಅವನಿಗೆ ಕೊಪ್ಪರಿಗೆಯದೇ ಮಾತು.
ಬೆಂಡೆ ಗಿಡ ಜಜ್ಜಿ ಲೋಳೆ ಹುಯ್ದರೆ
ಕಸವೆಲ್ಲ ತಬ್ಬಿಕೊಂಡು ಮೇಲೆ ಬರುತ್ತದಂತೆ,
ನೊರೆಯ ಜೊತೆ ಬಾಚಿ ಎಸೆಯುವುದಂತೆ.
ಆ ಲೋಳೆಯೂ ಸಕ್ಕರೆಯ ಎಳೆಯೇ, ಅಂದೆ,
ಬಲು ಉದ್ದದ್ದು; ಯಾವುದನ್ನು ಹಿಡೀಬೇಕು
ಯಾವುದನ್ನು ಬಿಡಬೇಕು ಅಂತ ಅದರ ಮೈಗೆ ಗೊತ್ತು.
"ಗೊತ್ತು ಬುಡಿ," ಅಂದ.
ಗೊತ್ತಿದ್ದರೂ ಇದ್ದೀತು.

ಮಿಕ್ಕ ಪರೀಕ್ಷೆ ಮುಗಿಸಿ ನಾಲ್ಕಕ್ಕೆ ಕಳಿಸಿದೆ.
ಒಂದೇ ಚೀಲ. ಸಾಕಾಯಿತೋ ಇಲ್ಲವೋ
ನನಗೆ ಕಾಣುವುದಿಲ್ಲ. ನನ್ನ ಕಿಟಕಿಯಿಂದ
ಚೀಲ ಹೊರಗೆ ಹೋಗುವುದಷ್ಟೇ ಕಾಣುತ್ತದೆ.

ಹೊರಡುವಾಗ ಬೋರಲಿಂಗ ಜೇಬಿನಿಂದ ತೆಗೆದು
ರಿಜಿಸ್ಟರಿನ ಮೇಲಿಟ್ಟ, ಪೇಪರು ಸುತ್ತಿದ ಒಂದು ಅಚ್ಚು.
ನನಗೆ ಶುಗರ್, ಒಂಬತ್ತು ವರ್ಷದಿಂದ.
ಕಣದ ಮೇಲಿನ ಎಳೆಗೆ ಸಕ್ಕರೆ ಕೂರಿಸುವುದು ಕಿಣ್ವ,
ಅಕ್ಕಸಾಲಿ ಹರಳು ಕೂರಿಸಿದ ಹಾಗೆ, ಅಳತೆ ನೋಡಿ.
ನನ್ನ ಹಿಮೋಗ್ಲೋಬಿನ್ನಿಗೆ ಯಾರೂ ಕೂರಿಸಬೇಕಿಲ್ಲ,
ಅದೇ ಬಂದು ಅಂಟುತ್ತದೆ, ಇವನ ಅಂಗಿಗೆ ಪಾಕ ಅಂಟಿದ ಹಾಗೆ,
ಕಣ ಸಾಯುವ ತನಕ ಬಿಡುವುದಿಲ್ಲ,
ನೂರಿಪ್ಪತ್ತು ದಿನ.

ಬಾಯಿಗೆ ಹಾಕಿಕೊಂಡೆ.
ಸುಣ್ಣ ಒಂಚೂರು ಜಾಸ್ತಿಯಾಗಿತ್ತು.

ಐದೂಮುಕ್ಕಾಲಿಗೆ ವಾರ್ಡಿನಿಂದ ಇನ್ನೊಂದು ಚೀಟಿ.
ಹೆಸರು ಓದುವ ಮುಂಚೆ
ಬೆರಳು ಒರೆಸಿಕೊಂಡೆ.